ಆಸ್ಪತ್ರೆಯ ಉಪಕಾರಿ

ಪ್ರತಿ ದೊಡ್ಡಾಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲೂ ಈತ ಇದ್ದೇ ಇರುತ್ತಾನೆ. ಆಸ್ಪತ್ರೆಯ ಸಂಬಳದವನಲ್ಲ, ಕಾಯಿಲೆಯವನೂ ಅಲ್ಲ. ಬಾಗಿಲಲ್ಲಿ ಹೊಸ ಮುಖ ಕಂಡರೆ ಸಾಕು, ಮದುವೆಮನೆಯ ಯಜಮಾನನಂತೆ ಎದ್ದು ಬರುತ್ತಾನೆ. "ಎಕ್ಸ್‌ರೇ ತಾನೆ? ನನ್ನ ಹಿಂದೆ ಬನ್ನಿ. ಇಲ್ಲಿನ ಬೋರ್ಡು ನಂಬಿದ್ರೆ ಶವಾಗಾರ ಸೇರ್ತೀರಿ" ಎಂದು ಅವರ ಚೀಲ ಕಿತ್ತುಕೊಂಡೇ ನಡೆಯುತ್ತಾನೆ. ಅಳುವ ಮಗುವನ್ನು ಹೆಗಲಿಗೆ ಹಾಕಿಕೊಳ್ಳುತ್ತಾನೆ, ಕೂತವರನ್ನೆಬ್ಬಿಸಿ ಮುದುಕಿಯರನ್ನು ಕೂರಿಸುತ್ತಾನೆ, ಮೆಟ್ಟಿಲು ಹತ್ತಲು ಹೊರಟವರಿಗೂ ಲಿಫ್ಟಿನ ಬಾಗಿಲು ಹಿಡಿದು ನಿಲ್ಲುತ್ತಾನೆ. ಯಾರಾದರೂ "ನಂಗೆ ದಾರಿ ಗೊತ್ತು" ಅಂದರೆ ಅವನ ಮುಖ ಸಪ್ಪಗಾಗುತ್ತದೆ. "ನಿಮಗೂ ಒಂದು ಯೂನಿಫಾರ್ಮ್ ಹೊಲಿಸಿಬಿಡೋಣ, ಯಜಮಾನ್ರೇ" ಎಂದು ನರ್ಸು ಛೇಡಿಸಿದರೆ, "ಟೋಪಿ ಮಾತ್ರ ಬೇಡಮ್ಮ, ಈಗಾಗ್ಲೇ ತುಂಬಾ ಜನ ಹಾಕಿದ್ದಾರೆ" ಎನ್ನುತ್ತಾನೆ. ಮನೆಗೆ ಹೊರಟ ಮುದುಕಿಯೊಬ್ಬಳು ಅವನ ಕೈ ಹಿಡಿದು, "ನಿನ್ನ ಕಟ್ಟಿಕೊಂಡವಳು ಪುಣ್ಯವಂತೆ ಕಣಪ್ಪಾ" ಎನ್ನುತ್ತಾಳೆ. ಆತ ಅರಳಿಹೋಗುತ್ತಾನೆ. ಅದು ನಿಜವಾದ ಸಂತೋಷ, ನಾನು ಅಲ್ಲಗಳೆಯಲಾರೆ. ಅದೇ ಉಮೇದಿನಲ್ಲಿ ಒಂದು ಲೋಟ ನೀರು ಹಿಡಿದು ಮಹಡಿ ಹತ್ತುತ್ತಾನೆ. ಅಲ್ಲಿ, ಹೆಂಗಸರ ವಾರ್ಡಿನಲ್ಲಿ, ಅವನ ಹೆಂಡತಿ ಮಲಗಿದ್ದಾಳೆ, ಇನ್ನು ಏಳುವವಳಲ್ಲ. ಮದುವೆಯಾದಂದಿನಿಂದ ಅವಳೊಡನೆ ಗದರದೆ ಮಾತಾಡಿ ಗೊತ್ತಿಲ್ಲದವನು ಈಗ ಮಂಚದ ಪಕ್ಕ ಬಗ್ಗಿ, "ಒಂದೇ ಒಂದು ಗುಟುಕು ಕುಡಿಯೇ" ಎಂದು ಬೇಡುತ್ತಾನೆ. ಅವಳು ಗೋಡೆಯ ಕಡೆ ಹೊರಳುತ್ತಾಳೆ. ಆತ ಬಾಗಿಲು ದಾಟುವವರೆಗೂ ಹಾಗೇ ಇದ್ದು, ಆಮೇಲೆ ಪಕ್ಕದ ಮಂಚದ ಅಪರಿಚಿತಳನ್ನು ಕೇಳುತ್ತಾಳೆ: "ಅಕ್ಕಾ, ಸ್ವಲ್ಪ ನೀರು ಕೊಡ್ತೀರಾ?"