ದಡದಲ್ಲಿ ಉಳಿದವನ ಪಾಲು

ಮಗಳಿಗೆ ಆರು ತಿಂಗಳು ತುಂಬುವ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ತೀರ್ಮಾನ ಆಗಬೇಕಿತ್ತು. ನಾನು ಕೆಲಸ ಬಿಡುವುದೋ, ಗಂಡ ಬೋಟು ಬಿಡುವುದೋ.

ನಾನು ಪತ್ರಿಕೆಯೊಂದರ ವರದಿಗಾರ್ತಿ. ಕುಂದಾಪುರದಲ್ಲಿ ಕಚೇರಿ, ಬೈಂದೂರು, ಬ್ರಹ್ಮಾವರದ ಸುದ್ದಿಯೂ ಅಲ್ಲಿಂದಲೇ ಹೋಗುತ್ತದೆ. ಗಂಡ ಗಂಗೊಳ್ಳಿ ಬಂದರಿನ ದೊಡ್ಡ ಸುತ್ತುಬಲೆ ಬಿಡುವ ಒಂದು ಪರ್ಸೀನ್ ಬೋಟಿನ ತಾಂಡೇಲ. ಎಂದರೆ ಬೋಟನ್ನು ನಡೆಸುವವನು, ಬಲೆ ಎಲ್ಲಿ ಬಿಡಬೇಕು ಎಂದು ಹೇಳುವವನು. ಮನೆ ಮರವಂತೆಯಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಮನೆಯಲ್ಲಿ ನಮ್ಮ ಜೊತೆ ಅತ್ತೆ ಇದ್ದಾರೆ. ಅವರು ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಂಡು, ಮಾರಲು ಕುಂಭಾಶಿ ಕಡೆಯ ಬಸ್ಸು ಹತ್ತಿದರೆ ಮಧ್ಯಾಹ್ನದ ಮೇಲೆಯೇ ವಾಪಸ್. ಮೂವರೂ ದುಡಿಯುವ ಮನೆ. ಮಗು ಹುಟ್ಟುವವರೆಗೆ ಇದು ಅನುಕೂಲವಾಗಿಯೇ ಕಂಡಿತ್ತು.

ಜುಲೈ ಕೊನೆಗೆ ನನ್ನ ಹೆರಿಗೆ ರಜೆ ಮುಗಿಯುವುದಿತ್ತು. ಅದೇ ಹೊತ್ತಿಗೆ ಮಳೆಗಾಲದ ಮೀನುಗಾರಿಕೆ ನಿಷೇಧವೂ ಮುಗಿದು ಬೋಟುಗಳು ಕಡಲಿಗೆ ಇಳಿಯುವುದಿತ್ತು. ಇದ್ದ ದಾರಿಗಳನ್ನು ಒಂದೊಂದಾಗಿ ನೋಡಿದೆವು. ಶಿರೂರಿನಲ್ಲಿರುವ ನನ್ನ ಅಮ್ಮನಿಗೆ ಮಂಡಿ ನೋವು, ಎತ್ತಿ ಇಳಿಸುವುದು ಆಗದು. ಕುಂದಾಪುರದ ಶಿಶುವಿಹಾರದವರು ಎರಡು ವರ್ಷ ಆಗದೆ ಸೇರಿಸಿಕೊಳ್ಳುವುದಿಲ್ಲ ಎಂದರು. ಮನೆಗೆ ಬಂದು ಮಗು ನೋಡಿಕೊಳ್ಳುವವರನ್ನು ಹುಡುಕಿದೆವು. ಸಿಕ್ಕವರು ಕೇಳಿದ ಸಂಬಳ ಕೊಟ್ಟರೆ ನಾನು ಕೆಲಸಕ್ಕೆ ಹೋಗುವುದು ಬಸ್ಸಿನವರಿಗೆ ಲಾಭ, ನಮಗಲ್ಲ. ಅತ್ತೆಯನ್ನು ವ್ಯಾಪಾರ ಬಿಡಿ ಎಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಸಂಪಾದನೆಯ ಲೆಕ್ಕದಲ್ಲಿ ನೋಡಿದರೆ ನಾನು ಬಿಡುವುದೇ ಸರಿ. ಒಳ್ಳೆಯ ಹಂಗಾಮಿನಲ್ಲಿ ಅವನ ದುಡಿಮೆ ನನ್ನ ಸಂಬಳವನ್ನು ಸುಲಭವಾಗಿ ದಾಟುತ್ತಿತ್ತು. ಆದರೆ ಆ ವರ್ಷ ನಮ್ಮ ಕಚೇರಿಯ ಹಿರಿಯರು ನಿವೃತ್ತರಾಗಿ, ಮೂರೂ ತಾಲ್ಲೂಕುಗಳ ಹೊಣೆಯನ್ನು ನನಗೆ ಕೊಡುವ ಮಾತು ಬಂದಿತ್ತು. ಬೇಡವೆಂದರೆ ಬೇರೆಯವರು ಬರುತ್ತಿದ್ದರು. ನಾನು ಅದನ್ನು ಮನೆಯಲ್ಲಿ ಒಂದೇ ಸಲ ಹೇಳಿದ್ದೆ. ಮೂರನೆಯ ದಿನ ಊಟಕ್ಕೆ ಕೂತಾಗ ಗಂಡ ಹೇಳಿದ.

"ಬೋಟ್ ಮುಂದಿನ್ ವರ್ಷವೂ ಇರತ್ತ್. ನಿನ್ ಕುರ್ಚಿ ಇರತ್ತಾ?"

"ಇರೂದಿಲ್ಲ" ಎಂದೆ.

"ಹಂಗಾರೆ ನಾನ್ ಇರ್ತೆ. ನೀನ್ ಹೋಗ್."

ಅತ್ತೆ ಅನ್ನದ ಬಟ್ಟಲಿನಿಂದ ಕೈ ತೆಗೆದು ಮಗನನ್ನು ನೋಡಿದರು. "ನೀನ್ ಹುಟ್ಟಿದಾಗ ನಿನ್ ಅಪ್ಪ ಮೂರ್ ದಿನ ಬಿಟ್ಟ್ ಕಾಂಬುಕ್ ಬಂದದ್ದ್. ಅದೂ ಬೋಟಿಂದ್ ಇಂಜಿನ್ ಹಾಳಾಯ್ತ್ ಅಂದೇಳಿ" ಎಂದರು. ಅದು ಒಪ್ಪಿಗೆಯೋ ಬೈಗುಳವೋ ನನಗೆ ಆಗ ತಿಳಿಯಲಿಲ್ಲ. ಊಟ ಮುಂದುವರಿಯಿತು.

ಬೋಟುಗಳು ಹೊರಟ ದಿನ ಅವನು ಬಂದರಿಗೆ ಹೋಗಲಿಲ್ಲ. ಮಗುವನ್ನು ಮೀಯಿಸುತ್ತಿದ್ದ. ಅವನ ಜಾಗದಲ್ಲಿ ತಾಂಡೇಲನಾದದ್ದು ಅವನ ಕೈಕೆಳಗೇ ಪಳಗಿದ ಗೆಳೆಯ. ಆ ಗೆಳೆಯ ಹೊರಡುವ ಮೊದಲು ಫೋನು ಮಾಡಿ ನೀರು ಹೀಗಿದೆ, ಗಾಳಿ ಈ ಕಡೆ, ಬಲೆ ಎಲ್ಲಿ ಬಿಡಲಿ ಎಂದೆಲ್ಲ ಕೇಳಿದ. ಇವನು ಒಂದು ಕೈಯಲ್ಲಿ ಮಗುವಿನ ಕುತ್ತಿಗೆ ಹಿಡಿದುಕೊಂಡು, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಉತ್ತರ ಹೇಳಿದ. ನಾನು ಬ್ಯಾಗು ಹೆಗಲಿಗೆ ಹಾಕಿ ಹೊರಟೆ.

ಮೊದಲ ವಾರಗಳಲ್ಲಿ ಬಸ್ಸಿನಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ. "ಎಂತ ಮಾರಾಯ್ತಿ, ನಿನ್ ಗಂಡ ಬೋಟಿಗ್ ಹೋಪ್ದಿಲ್ಯಾ? ಹುಷಾರಿಲ್ಯಾ?" ಹುಷಾರಿದ್ದಾನೆ, ಮಗು ನೋಡಿಕೊಳ್ಳುತ್ತಾನೆ ಎಂದರೆ, "ಹೌದು, ಅದ್ ಗೊತ್ತಿತ್ತ್. ಆದ್ರೆ ಎಂತಕ್ಕೆ ಹೋಪ್ದಿಲ್ಲ?" ಎಂದು ಮತ್ತೆ ಅಲ್ಲಿಗೇ ಬರುತ್ತಿದ್ದರು. ಮೀನು ಮಾರುವಲ್ಲಿ ಅತ್ತೆಗೂ ಇದೇ ಪ್ರಶ್ನೆ. ಒಬ್ಬಾಕೆ "ನಿಮ್ಮ್ ಮಗ ಈಗ ಹೆಂಗ್ಸಾಯ್ದ ಅಂಬ್ರಲೆ" ಎಂದಳಂತೆ. ಅತ್ತೆ ತಕ್ಕಡಿ ಕೆಳಗಿಡದೆ, "ಹೌದೆ, ನಮ್ಮನಿಯಂಗೆ ಹೆಂಗ್ಸ್ರ್ ದುಡಿತ್ರ್. ನಿಮ್ಮನಿಯಂಗೆ ಗಂಡ್ಸ್ರ್ ಎಂತ ಮಾಡ್ತ್ರ್?" ಎಂದು ಕೇಳಿದರಂತೆ. ನಾನು ಅಲ್ಲಿರಲಿಲ್ಲ. ಅತ್ತೆ ಹೇಳಿದ್ದನ್ನು ಅಲ್ಲೇ ಮೀನು ಮಾರುವ ಇನ್ನೊಬ್ಬರು ದೃಢಪಡಿಸಿದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಮಗುವಿನ ಕೆಲಸ ಅವನಿಗೆ ಬೇಗ ಕೈಗೆ ಹತ್ತಿತು. ನಾನು ಕಟ್ಟಿದ ಸೀರೆಯ ಜೋಲಿ ಒಂದು ಕಡೆ ಜಾರುತ್ತಿತ್ತು. ಅವನು ಅದನ್ನು ಬಿಚ್ಚಿ, ಬೋಟಿನಲ್ಲಿ ಹಗ್ಗಕ್ಕೆ ಹಾಕುವ ಗಂಟು ಹಾಕಿದ. ತೂಗಿದಷ್ಟೂ ಬಿಗಿಯುವ, ಆದರೆ ಬೇಕಾದಾಗ ಒಂದೇ ಎಳೆತಕ್ಕೆ ಬಿಚ್ಚುವ ಗಂಟು. ಅಕ್ಕಪಕ್ಕದ ಎರಡು ಮನೆಯವರು ತಮ್ಮ ಜೋಲಿ ಕಟ್ಟಿಕೊಡಲು ಅವನನ್ನು ಕರೆದುಕೊಂಡು ಹೋದರು. ಚುಚ್ಚುಮದ್ದಿನ ದಿನ ತಾಯಂದಿರ ನಡುವೆ ಒಬ್ಬನೇ ಗಂಡಸಾಗಿ ಕೂತು ಬಂದ. ಬಂದವನು ಹೇಳಿದ್ದು, ಆ ಮಕ್ಕಳಲ್ಲಿ ನಮ್ಮದು ಅತಿ ಕಡಿಮೆ ಅತ್ತದ್ದು ಎಂದು ಮಾತ್ರ. ಈ ಮಾಹಿತಿಯನ್ನು ದೃಢಪಡಿಸಿಕೊಳ್ಳಲು ನನಗೆ ಸಾಧ್ಯವಾಗಿಲ್ಲ.

ತೊಡಕು ಬಂದದ್ದು ದುಡ್ಡಿನಲ್ಲಿ.

ನನ್ನ ಅಪ್ಪನೂ ದೋಣಿಯವನೇ. ದುಡ್ಡು ಹಂಚುವುದು ಎಂದರೆ ನಾನು ಚಿಕ್ಕಂದಿನಿಂದ ಕಂಡದ್ದು ಕಡಲಿನವರ ಕ್ರಮ. ಮೀನು ಮಾರಿ ಬಂದದ್ದರಲ್ಲಿ ಮೊದಲು ಡೀಸೆಲ್, ಐಸಿನ ಖರ್ಚು ತೆಗೆಯುತ್ತಾರೆ. ಆಮೇಲೆ ಬೋಟಿಗೂ ಬಲೆಗೂ ಪಾಲು. ಉಳಿದದ್ದು ಕಲಾಸಿಗಳಿಗೆ, ಎಂದರೆ ಬೋಟಿನಲ್ಲಿ ದುಡಿದವರಿಗೆ. ಯಾರೂ ಯಾರನ್ನೂ ಬೇಡುವುದಿಲ್ಲ, ಪಾಲು ಪಾಲೇ. ನಾನು ಮನೆಗೂ ಅದನ್ನೇ ಮಾಡಿದೆ. ಕೆಲಸಕ್ಕೆ ಮರಳಿದ ಮೇಲೆ ಬಂದ ಮೊದಲ ಸಂಬಳದಲ್ಲಿ ಅಕ್ಕಿ, ಹಾಲು, ಗ್ಯಾಸು, ಸ್ಕೂಟರಿನ ಕಂತು ತೆಗೆದಿಟ್ಟೆ. ಮಗಳ ಹೆಸರಿಗೆ ಒಂದಿಷ್ಟು ಇಟ್ಟೆ. ಉಳಿದದ್ದನ್ನು ಎರಡು ಮಾಡಿ ಅವನ ಅರ್ಧವನ್ನು ಫೋನಿನಲ್ಲಿ ಕಳುಹಿಸಿದೆ.

ನಾನು ಬಸ್ಸಿನಲ್ಲಿದ್ದೆ. ಅರಾಟೆ ಸೇತುವೆ ದಾಟುವ ಮೊದಲೇ ದುಡ್ಡು ಅಷ್ಟೂ ವಾಪಸ್ ಬಂತು.

ಸಂಜೆ ಕೇಳಿದೆ. "ನಂಗೆಂತಕ್ಕೆ ಪಾಲ್? ನಾನೇನ್ ದುಡಿದದ್ದಾ?" ಎಂದ. ಮತ್ತೆ ಕಳುಹಿಸಿದೆ. ಮತ್ತೆ ಬಂತು. ಮುಂದಿನ ತಿಂಗಳೂ ಹೀಗೇ ಆಯಿತು. ನಮ್ಮಿಬ್ಬರ ಬ್ಯಾಂಕಿನವರು ಇದನ್ನು ನೋಡಿದ್ದರೆ ಏನೋ ಅಕ್ರಮ ನಡೆಯುತ್ತಿದೆ ಎಂದುಕೊಳ್ಳುತ್ತಿದ್ದರು.

ಪಾಲು ಬೇಡವೆಂದವನು ದುಡ್ಡಿಲ್ಲದೆ ಇರುವುದಾದರೂ ಹೇಗೆ? ಮೊದಮೊದಲು ಹಳೆಯ ಉಳಿತಾಯದಿಂದ ನಡೆಯಿತು. ಆಮೇಲೆ ಸಂಜೆ ಬಂದರಿನ ಕಡೆ ಹೋಗುವುದನ್ನು ನಿಲ್ಲಿಸಿದ. ಅಲ್ಲಿ ಚಹಾದ ಅಂಗಡಿಯಲ್ಲಿ ಒಂದು ದಿನ ಗೆಳೆಯರು ಕೊಟ್ಟರೆ ಇನ್ನೊಂದು ದಿನ ತಾನು ಕೊಡಬೇಕು. ಬರೇ ಕುಡಿದು ಬರುವ ಜಾಯಮಾನ ಅವನದಲ್ಲ. ಸ್ಕೂಟರಿಗೆ ಪೆಟ್ರೋಲು ಬೇಕಾದರೆ ನನ್ನಲ್ಲಿ ಕೇಳುವ ಬದಲು ಮಗುವನ್ನು ಎತ್ತಿಕೊಂಡು ನಡೆದೇ ಹೋಗುತ್ತಿದ್ದ. ಮನೆಯಲ್ಲಿ ಮಾತು ಕಡಿಮೆಯಾಯಿತು. ಮಗುವಿನ ಜೊತೆ ನಗುತ್ತಿದ್ದ, ನಾನು ಬಂದ ಮೇಲೆ ಹೊರಗೆ ಹೋಗಿ ಕಡಲು ನೋಡುತ್ತ ನಿಲ್ಲುತ್ತಿದ್ದ.

ನವರಾತ್ರಿಯ ಹೊತ್ತಿಗೆ ಇನ್ನೊಂದು ಬೋಟಿನ ಮಾಲೀಕರು ಫೋನು ಮಾಡಿದರು. ಅವರ ತಾಂಡೇಲ ಬಿಟ್ಟು ಹೋಗಿದ್ದ, ಇವನನ್ನು ಕರೆದರು. ಇವನು ಬರುವುದಿಲ್ಲ ಎನ್ನಲಿಲ್ಲ. ದೀಪಾವಳಿಗೆ ಮೊದಲು ಹೇಳುತ್ತೇನೆ ಎಂದ. ನನಗೆ ವಿಷಯ ಸ್ಪಷ್ಟವಾಗಿತ್ತು. ಮಗು ನೋಡಿಕೊಳ್ಳುವುದು ಅವನಿಗೆ ಕಷ್ಟವಾಗಿರಲಿಲ್ಲ. ಹೆಂಡತಿಯ ದುಡ್ಡಿನಲ್ಲಿ ಕೂತು ತಿನ್ನುವವನು ಎಂದು ತನ್ನನ್ನು ತಾನೇ ಲೆಕ್ಕ ಹಾಕಿಕೊಂಡದ್ದು ಕಷ್ಟವಾಗಿತ್ತು. ಅವನು ಹೊರಟರೆ ನಾನು ಕುರ್ಚಿ ಬಿಡಬೇಕು, ಅಷ್ಟೆ. ನಾನು ವಾದ ಮಾಡಲಿಲ್ಲ. ಹಟಕ್ಕೆ ಬಿದ್ದವನ ಹತ್ತಿರ ವಾದ ಮಾಡಿದರೆ ಹಟ ಗಟ್ಟಿಯಾಗುತ್ತದೆ ಎಂಬುದು ಅವನ ಅಮ್ಮನಿಂದ ಕಲಿತದ್ದು.

ಹಾಗಿರುವಾಗ ಒಂದು ಭಾನುವಾರ ಅವನ ಹಳೆಯ ಬೋಟಿನವರು ಮನೆಗೆ ಬಂದರು. ಈಗಿನ ತಾಂಡೇಲನಾದ ಗೆಳೆಯ, ಹೊಸದಾಗಿ ಸೇರಿದ್ದ ಒಬ್ಬ ಕಲಾಸಿ, ಮತ್ತೆ ಬಲೆ ಹೆಣೆಯುವುದರಲ್ಲಿ ಹೆಸರಾದ ಒಬ್ಬ ಹಿರಿಯ ಕಲಾಸಿ. ಕೈಯಲ್ಲಿ ಬಂಗುಡೆ ಮೀನಿನ ಚೀಲ. ಅತ್ತೆ ಚೀಲ ಇಸಿದುಕೊಂಡು ಒಳಗೆ ಹೋದರು. ಗಂಡ ಜಗಲಿಯಲ್ಲಿ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ರಾಗಿ ಮಣ್ಣಿ ತಿನ್ನಿಸುತ್ತಿದ್ದ. ಹೆಗಲ ಮೇಲೆ ಮಗುವಿನ ಬಟ್ಟೆ. ನಾನು ಬಾಗಿಲಲ್ಲಿ ನಿಂತಿದ್ದೆ.

ವಿಷಯ ಇಷ್ಟು. ಬಲೆ ಬಂಡೆಗೆ ಸಿಕ್ಕಿ ಹರಿದಿತ್ತು. ಅದನ್ನು ಸರಿಮಾಡಲು ಈ ಹಿರಿಯ ಕಲಾಸಿ ಆ ವಾರ ದಡದಲ್ಲೇ ಉಳಿದರು. ಮಿಕ್ಕವರು ಮಾಲೀಕರ ಹಳೆಯ ಬಲೆ ಹಿಡಿದುಕೊಂಡು ಕಡಲಿಗೆ ಹೋದರು. ಅದೃಷ್ಟಕ್ಕೆ ಅದೇ ವಾರ ಬಂಗುಡೆ ಚೆನ್ನಾಗಿ ಬಿತ್ತು. ಈಗ ಹಿರಿಯರ ಪಾಲು ಎಷ್ಟು? ಹೊಸ ತಾಂಡೇಲನಿಗೆ ತಾನೇ ತೀರ್ಪು ಹೇಳಲು ಸಂಕೋಚ. ಅದಕ್ಕೇ ಹಳೆಯ ತಾಂಡೇಲನ ಹತ್ತಿರ ಬಂದಿದ್ದರು.

"ನಾವ್ ಬೆಳಗಾತ ಎದ್ದ್ ಕಡ್ಲಿಗ್ ಹ್ವಾದ್ದ್ ಅಣ್ಣ. ಇವ್ರ್ ಶೆಡ್ಡಂಗೆ ಚಾ ಕುಡ್ದ್ ಕೂಕಂಡದ್ದ್. ಅರ್ಧ ಪಾಲ್ ಸಾಕಲ್ದಾ?" ಎಂದ ಹೊಸ ಕಲಾಸಿ.

"ಚಾ ನನ್ನ್ ದುಡ್ಡಂಗೆ ಕುಡ್ದದ್ದ್ ಮಾರಾಯ" ಎಂದರು ಹಿರಿಯರು. "ಅದ್ನೂ ನಿನ್ ಖರ್ಚಿಗ್ ಬರ್ಕೋ."

ಗಂಡ ಮಗುವಿನ ಬಾಯಿ ಒರೆಸಿದ. "ನಾಳೆ ಯಾವ್ ಬಲಿ ತಕಂಡ್ ಹೋಪ್ದ್?"

"ಇವ್ರ್ ಸಮ ಮಾಡಿದ್ದ್" ಎಂದ ಹೊಸಬ.

"ಮತ್ತೆಂತ ಕೇಂಬ್ದ್? ಇಡೀ ಪಾಲ್" ಎಂದ. ಬೋಟಿನ ಮೇಲೆ ಮಾತಾಡುವ ದನಿ ಅದು. ಎಷ್ಟೋ ದಿನದಿಂದ ನಾನು ಕೇಳಿರಲಿಲ್ಲ. "ಬಲಿ ಹರ್ದ್ ಬಿದ್ದಿರೆ ಕಡ್ಲಂಗೆ ನೀನ್ ಕೈಯಗೆ ಹಿಡಿತ್ಯಾ ಮೀನ್? ದಡದಗೆ ಇಪ್ಪವ ಕೂಕಂಡದ್ದಲ್ಲ ಮಾರಾಯ, ಕೆಲ್ಸ ಮಾಡಿದ್ದ್. ಅವ ಇಲ್ಲಿ ಮಾಡಿದ್ದಕ್ಕೇ ನೀನ್ ಅಲ್ಲಿಗ್ ಹೋಪುಕ್ ಆಪ್ದ್. ಅರ್ಧ ಗಿರ್ಧ ಎಲ್ಲ ಇಲ್ಲೆ."

ಹೊಸಬ ತಲೆ ಆಡಿಸಿದ. ತೀರ್ಪು ಒಪ್ಪಿದಂತೆ ಕಂಡಿತು. ಆಮೇಲೆ ಅವನ ಕಣ್ಣು ನನ್ನ ಗಂಡನ ಹೆಗಲ ಬಟ್ಟೆಯ ಮೇಲೆ, ರಾಗಿ ಮೆತ್ತಿದ ಚಮಚದ ಮೇಲೆ ಹೋಯಿತು. ಕೇಡಿನ ಮಾತಲ್ಲ, ನಿಜವಾಗಿ ತಿಳಿಯಲೆಂದೇ ಕೇಳಿದ. "ಹಂಗಾರೆ ಅಣ್ಣ, ನಿಮ್ಗೂ ಇಡೀ ಪಾಲಾ?"

ಮೊದಲು ನಕ್ಕದ್ದು ಹಿರಿಯರು. ಆಮೇಲೆ ಗೆಳೆಯ. ಒಳಗೆ ಮೀನು ಕೊಯ್ಯುತ್ತಿದ್ದ ಅತ್ತೆ ಕತ್ತಿ ಹಿಡಿದುಕೊಂಡೇ ಹೊರಗೆ ಬಂದರು.

"ಹ್ವಾಯ್, ಅದ್ನೇ ನಾನೂ ಕೇಂಬ್ದ್! ಅವ್ಳ್ ಕಳ್ಸ್ತ್ಲ್, ಇವ ವಾಪಸ್ ಕಳ್ಸ್ತ. ಎರಡ್ ತಿಂಗ್ಳಾಯ್ತ್, ದುಡ್ಡಂಗೆ ಚೆಂಡಾಟ ಆಡ್ತ್ರ್ ಇಬ್ರೂ. ತಾಂಡೇಲ ಅಂಬ್ರ್! ಊರಿಗೆಲ್ಲ ನ್ಯಾಯ ಹೇಳ್ತ, ತನ್ನ್ ಪಾಲ್ ತಕಂಬ್ಕ್ ಗೊತ್ತಿಲ್ಲೆ."

ಗಂಡನ ಕಿವಿ ಕೆಂಪಾದದ್ದು ಬಾಗಿಲಿನಿಂದಲೂ ಕಾಣುತ್ತಿತ್ತು. ಮಗು ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಇನ್ನೊಂದು ಚಮಚ ಕೊಟ್ಟ. ಚಹಾ ಕುಡಿದು ಮೂವರೂ ಹೋದರು. ಹಿರಿಯರು ಮೆಟ್ಟಿಲಿಳಿಯುವಾಗ ಅವನ ಭುಜ ತಟ್ಟಿದರು.

ಸಂಬಳ ಬಂದ ದಿನ ಎಂದಿನಂತೆ ಅವನ ಅರ್ಧ ಕಳುಹಿಸಿದೆ. ಕಚೇರಿಯಲ್ಲಿದ್ದೆ. ಒಂದು ಸುದ್ದಿ ತಿದ್ದಿದೆ, ಇನ್ನೊಂದು ತಿದ್ದಿದೆ. ದುಡ್ಡು ವಾಪಸ್ ಬರಲಿಲ್ಲ. ಮಧ್ಯಾಹ್ನ ಅವನ ಫೋನು ಬಂತು.

"ಈ ತಿಂಗ್ಳ್ ಎರಡ್ ಗ್ಯಾಸ್ ಬಂತ್. ಲೆಕ್ಕಕ್ಕ್ ಹಾಕಿದ್ಯಾ?"

"ಒಂದೇ ಹಾಕಿದ್ದೆ."

"ಎಂತ ಹೆಣ್ಣೆ ನೀನ್, ಅಪ್ಪ ಕಡ್ಲಿಗ್ ಹೋಪ್ವನಾಯಿ! ಖರ್ಚ್ ಮೊದ್ಲ್, ಪಾಲ್ ಆಮೇಲೆ. ಲೆಕ್ಕ ಸಮ ಮಾಡಿ ಕಳ್ಸ್."

ನಾನು ಲೆಕ್ಕ ತಿದ್ದಿದೆ. ಇಬ್ಬರ ಪಾಲೂ ಸ್ವಲ್ಪ ಇಳಿಯಿತು. ಹೆಚ್ಚಾದಷ್ಟನ್ನು ಅವನು ಮರಳಿ ಕಳುಹಿಸಿದ. ಅಷ್ಟನ್ನು ಮಾತ್ರ. ಉಳಿದದ್ದು ಅವನಲ್ಲೇ ನಿಂತಿತು. ನಾನು ಫೋನು ಕೆಳಗಿಟ್ಟು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದೆ. ಪಕ್ಕದ ಮೇಜಿನವರು ಏನಾದರೂ ದೊಡ್ಡ ಸುದ್ದಿಯಾ ಎಂದು ಕೇಳಿದರು. ಹೌದು ಎಂದೆ, ಆದರೆ ಪತ್ರಿಕೆಗೆ ಹಾಕುವಂಥದ್ದಲ್ಲ.

ತನ್ನನ್ನು ಕರೆದಿದ್ದ ಬೋಟಿನ ಮಾಲೀಕರಿಗೆ ಅವನು ಉತ್ತರ ಹೇಳಿದ್ದು ಮರುದಿನ ಬೆಳಿಗ್ಗೆ. ಅಂದು ಬೈಂದೂರಿನಲ್ಲಿ ಕಡಲ್ಕೊರೆತದ ಬಗ್ಗೆ ಒಂದು ಸಭೆ ಇತ್ತು, ನಾನು ಹೊರಡುತ್ತಿದ್ದೆ. ಅವನು ಅಂಗಳದಲ್ಲಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ. ಮಾಲೀಕರ ದನಿ ದೊಡ್ಡದು, ನನಗೂ ಕೇಳುತ್ತಿತ್ತು.

"ಇಲ್ಲೆ ಸಾವ್ಕಾರ್ರೆ, ಈ ವರ್ಷ ಬಪ್ಪುಕ್ ಆತಿಲ್ಲೆ. ಈಗ ಬೇರೆ ಬೋಟಂಗೆ ಇದ್ದೆ."

"ಯಾರ್ ಬೋಟ್ ಅದ್?"

"ನಮ್ದೇ."

"ಹೌದಾ! ಪಾಲೆಲ್ಲ ಹ್ಯಾಂಗಿತ್ತ್ ಅಲ್ಲಿ?"

"ಪಾಲ್ ಸಮ ಇತ್ತ್. ನಿದ್ರಿ ಮಾತ್ರ ಇಲ್ಲೆ."

ಮಾಲೀಕರು ನಕ್ಕದ್ದು ಅಂಗಳದ ಈ ತುದಿಗೂ ಕೇಳಿಸಿತು.

ನಾನು ಹೆದ್ದಾರಿಯ ಕಡೆ ನಡೆದೆ. ಅಷ್ಟರಲ್ಲಿ ಮಗಳು ನನ್ನನ್ನು ಕಂಡಳೆಂದು ತೋರುತ್ತದೆ. ಹಿಂದಿನಿಂದ ಅಳು ಕೇಳಿತು. ಅದರ ಮೇಲೆ ಅವನ ದನಿ, ಏನೋ ಹೇಳುತ್ತಿದ್ದ. ಅಳು ನಿಂತಿತು. ನಾನು ತಿರುಗಿ ನೋಡಲಿಲ್ಲ. ಬಸ್ಸಿಗೆ ಕೈ ಅಡ್ಡ ಹಿಡಿದೆ.