ಗೀಸರ್‌ಗೆ ಕಟ್ಟಿದ ಹಾಗಲಬಳ್ಳಿ

ಗೀಸರ್ ರಿಪೇರಿ ನನ್ನ ಕೆಲಸ. ನರಕ ಚತುರ್ದಶಿ ಬೆಳಗ್ಗೆ ಬಸವೇಶ್ವರನಗರದ ಒಂದು ಮನೆಯಿಂದ ಫೋನ್ ಬಂತು. ಇಪ್ಪತ್ತು ವರ್ಷದ ಗೀಸರ್, ಸ್ವಿಚ್ ಹಾಕಿದರೆ ಇಡೀ ಮನೆಯ ಕರೆಂಟ್ ಹೋಗುತ್ತಂತೆ. ಹೋದರೆ ಬಚ್ಚಲುಮನೆ ಬಾಗಿಲಲ್ಲೇ ಅತ್ತೆ ಸೊಸೆ ತಲೆಗೆ ಎಣ್ಣೆ ಹಚ್ಚಿಕೊಂಡು ಕಾಯ್ತಾ ನಿಂತಿದ್ದರು.

“ಹೊಸದು ಹಾಕಿಸ್ಲೇಬೇಕು ಅಂತ ಹೇಳ್ಬಿಡಿ ಅಣ್ಣ,” ಅಂದರು ಸೊಸೆ.

“ಬಿಚ್ಚಿ ನೋಡದೇ ಹೇಗೆ ಹೇಳ್ತಾನೆ?” ಅಂದರು ಅತ್ತೆ.

ಗೀಸರ್ ಮೇಲೆ ಮೂರು ಗೆರೆ ವಿಭೂತಿ, ಕುಂಕುಮ, ಸುತ್ತಲೂ ಹಾಗಲಬಳ್ಳಿ. ಹಿಂದಿನ ಸಂಜೆ ನೀರು ತುಂಬುವ ಹಬ್ಬಕ್ಕೆ ಹಂಡೆಗೆ ಮಾಡೋ ಪೂಜೆಯೆಲ್ಲ ಇದಕ್ಕೆ ಆಗಿತ್ತು. ಕೆಳಗಿನ ಮುಚ್ಚಳ ಬಿಚ್ಚಿದೆ. ವೈರುಗಳ ಮಧ್ಯದಿಂದ ಅರಿಶಿನದ ನೀರು ನನ್ನ ಕೈಮೇಲೆ ಸುರಿಯಿತು.

“ಇದರ ಮೇಲೆ ನೀರು ಹಾಕಿದ್ರಾ ಅಮ್ಮ?”

“ಒಂದೇ ಒಂದು ಚೊಂಬು. ಹಂಡೆಗೆ ಹಾಕ್ತಿರ್ಲಿಲ್ವಾ?”

ಒರೆಸಿ, ಚೆನ್ನಾಗಿ ಒಣಗಿಸಿ ಸ್ವಿಚ್ ಹಾಕಿದೆ. ಸ್ವಲ್ಪ ಹೊತ್ತಿಗೆ ನೀರು ಕಾಯಿತು. ಟ್ಯಾಂಕು ಇನ್ನೂ ಗಟ್ಟಿ ಇದೆ, ಬದಲಾಯಿಸೋದು ಬೇಡ, ಮುಂದಿನ ಹಬ್ಬಕ್ಕೆ ಬಳ್ಳಿ ಕಟ್ಟಿ, ಕುಂಕುಮ ಇಡಿ, ನೀರು ಮಾತ್ರ ಹಾಕಬೇಡಿ ಅಂದೆ. ಅತ್ತೆ ಸೊಸೆಯ ಕಡೆ ಒಮ್ಮೆ ನೋಡಿ, ಸ್ನಾನಕ್ಕೆ ಹೋದರು.

ಸೊಸೆ ಗೇಟಿನವರೆಗೂ ನನ್ನ ಜೊತೆ ಬಂದರು.

“ಅಣ್ಣ, ಒಂದು ಚೊಂಬಿಗೆ ಬರೀ ಕರೆಂಟ್ ಹೋಯ್ತು. ಮುಂದಿನ ವರ್ಷ ಒಂದು ಬಕೆಟ್ ಹಾಕಿದ್ರೆ?”

ಹಾಕೋ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ ಅಂತಷ್ಟೇ ಹೇಳಿ ಬಂದೆ.