ಕೆಂಪು ಮಾಸಿದ ಚುಕ್ಕೆ

ಪಾವಗಡದ ನನ್ನ ಗೆಳೆಯ ಕೆಂಪು ನಕ್ಷತ್ರವನ್ನು ದಿಟ್ಟಿಸಿ ನೋಡುತ್ತಾನೆ. ಕೆಟ್ಟ ಅಭ್ಯಾಸ. ಕೆಂಪು ಚುಕ್ಕೆಯನ್ನು ದಿಟ್ಟಿಸಿದಷ್ಟೂ ಅದು ಹೆಚ್ಚು ಹೊಳೆದಂತೆ ಕಾಣುತ್ತದೆ. ಒಮ್ಮೆ ನೋಡಿ, ಮುಖ ತಿರುಗಿಸಿ, ಮತ್ತೆ ನೋಡಬೇಕು. ನಾವಿಬ್ಬರೂ ವಿಜ್ಞಾನದ ಮೇಷ್ಟ್ರಾಗಿದ್ದವರು. ಅವನಿಗೆ ಗೊತ್ತಿಲ್ಲವೆಂದಲ್ಲ, ಶಿಸ್ತಿಲ್ಲ. ಅದಕ್ಕೇ ಅವನು ಫೋನ್ ಮಾಡಿ "ನಮ್ ಜೋಡಿ ಉಕ್ಕೈತೆ ಕಣ್ಲಾ" ಎಂದಾಗ ನಾನು ನಂಬಲಿಲ್ಲ.

ಜೋಡಿ ಎಂದರೆ ನಾವಿಬ್ಬರೂ ಸಂಜೆ ಸಂಜೆ ಬೈನಾಕ್ಯುಲರಿನಲ್ಲಿ ಕಾಯುತ್ತಿದ್ದ ಒಂದು ಚುಕ್ಕೆ. ಕಣ್ಣಿಗೆ ಒಂದೇ ಆದರೂ ಅಲ್ಲಿರುವುದು ಎರಡು: ಊದಿಕೊಂಡ ಕೆಂಪು ದೈತ್ಯ, ಅದರ ಜೊತೆ ಸುತ್ತುವ ಪುಟ್ಟ ಬಿಳಿ ಕುಬ್ಜ. ದೈತ್ಯನ ಅನಿಲವನ್ನು ಕುಬ್ಜ ಸೆಳೆಯುತ್ತಲೇ ಇರುತ್ತದೆ. ಯಾವಾಗಲೋ ಒಮ್ಮೆ ಭುಗಿಲೇಳುತ್ತದೆ, ಆಗ ಅದರ ಬಿಳಿ ಬೆಳಕಿನಲ್ಲಿ ದೈತ್ಯನ ಕೆಂಪು ಮಾಸುತ್ತದೆ. ಅಲ್ಲಿಂದ ಬರುವ ಎಕ್ಸ್-ಕಿರಣ ನಮ್ಮ ಗಾಳಿಯನ್ನು ದಾಟಿ ನೆಲಕ್ಕಿಳಿಯದು. ಬಾಹ್ಯಾಕಾಶದ ದೂರದರ್ಶಕವೇ ಅದನ್ನು ಹಿಡಿಯಬೇಕು.

ನನ್ನ ತಮ್ಮನ ಮಗಳ ಸಂಶೋಧನೆ ಅದೇ. ಭುಗಿಲೆದ್ದ ಸುದ್ದಿ ಖಚಿತವಾದರೆ ಬೇರೆಯವರ ಸರದಿ ತಡೆದು ದೂರದರ್ಶಕವನ್ನು ಇತ್ತ ತಿರುಗಿಸಿ ಎಂದು ಅವಳು ಕೇಳಬಹುದು. ಸುಳ್ಳಾದರೆ ಮುಂದೆ ಅವಳ ಮಾತಿಗೆ ಬೆಲೆಯಿಲ್ಲ. ತಡವಾದರೆ ಆರಂಭವೇ ಕೈತಪ್ಪುತ್ತದೆ. ಆ ವಾರ ಅವಳು ನೆಚ್ಚಿಕೊಂಡಿದ್ದ ವೀಕ್ಷಣಾಲಯಗಳ ಕಡೆಯೆಲ್ಲ ಮೋಡ. ನಮ್ಮ ಒಣ ಸೀಮೆಯ ಆಕಾಶ ಮಾತ್ರ ತೆರೆದಿತ್ತು. ಗೆಳೆಯನ ಮಾತನ್ನು ಅವಳಿಗೆ ಫೋನಿನಲ್ಲಿ ತಿಳಿಸಿದೆ.

"ದೊಡ್ಡಪ್ಪ, ನೀವು ಹೂಂ ಅಂದ್ರೆ ಮನವಿ ಈಗಲೇ ಕಳಿಸ್ತೀನಿ."

"ಇರು. ಮೊದಲು ಅವನ ಕಣ್ಣು ಪರೀಕ್ಷೆ ಆಗಲಿ."

ಮರುದಿನ ಅವನನ್ನು ಮಧುಗಿರಿಯ ನನ್ನ ಮನೆಗೆ ಕರೆಸಿಕೊಂಡೆ. ದೀಪ ಹಚ್ಚಿ ಸ್ವಲ್ಪ ಹೊತ್ತಿಗೆ ತಾರಸಿ ಹತ್ತಿದೆವು. ಬೆಟ್ಟದ ಬಂಡೆ ಹಗಲೆಲ್ಲ ಕಾದು ಸಂಜೆ ಬಿಸಿ ಉಗುಳುತ್ತದೆ, ಅದರ ಮೇಲಿನ ಚುಕ್ಕೆಗಳೆಲ್ಲ ನಡುಗುತ್ತವೆ. ನಮ್ಮದು ಅತ್ತ ಸರಿಯುವ ಮೊದಲೇ ನೋಡಬೇಕು.

ನೋಡಿದೆ. ತಿರುಗಿದೆ. ಮತ್ತೆ ನೋಡಿದೆ. ಚುಕ್ಕೆ ನಿಜವಾಗಿಯೂ ಹೊಳೆಯುತ್ತಿತ್ತು. ಕೆಂಪು ಮಾಸಿ ಬೆಳ್ಳಗಾಗಿತ್ತು. ನನಗೆ ಅನುಮಾನ ಇನ್ನೂ ಹೆಚ್ಚಾಯಿತು. ನನ್ನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಗಿ ಹೆಚ್ಚು ದಿನವಾಗಿರಲಿಲ್ಲ. ಅಂದಿನಿಂದ ಆ ಕಣ್ಣಿಗೆ ಬಿಳಿ ಪಂಚೆಯೂ ನೀಲಿ ಹಾಕಿದಂತೆ ಕಾಣುತ್ತಿತ್ತು. ಬಲಗಣ್ಣು ಮುಚ್ಚಿ, ಪೊರೆಯಿರುವ ಎಡಗಣ್ಣಲ್ಲಿ ನೋಡಿದರೆ ಚುಕ್ಕೆ ಅರಿಶಿನ ಬಳಿದ ಹಾಗೆ. ಯಾವ ಕಣ್ಣನ್ನು ನಂಬುವುದು?

"ಯಾಕ್ಲಾ, ಬಾಯಿ ಕಟ್ಟೋಯ್ತಾ? ಸರಿಯಾಗಿ ಚೂಡಪ್ಪಾ," ಎಂದ ಗೆಳೆಯ, ಪಾವಗಡದ ತೆಲುಗು ಬೆರೆಸಿ.

"ಸುಮ್ನಿರು. ನನ್ನ ಕಣ್ಣಿನ ಮೇಲೇ ಅನುಮಾನ."

"ನಿನ್ನೆ ನನ್ ಕಣ್ಣು, ಇವತ್ತು ನಿನ್ ಕಣ್ಣು! ಆ ನಮ್ ತಾಯಿ ನಿನ್ ಜೊತೆ ಹೆಂಗ್ ಬಾಳ್ವೆ ಮಾಡುದ್ಲೋ."

ಕೆಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು.

ಪಕ್ಕದಲ್ಲೇ ಇನ್ನೊಂದು ಕೆಂಪು ನಕ್ಷತ್ರವಿದೆ, ಒಂಟಿ, ಎಂದೂ ಬದಲಾಗದ್ದು. ಬೈನಾಕ್ಯುಲರನ್ನು ಅದಕ್ಕೆ ತಿರುಗಿಸಿದೆ. ಬಲಗಣ್ಣಿಗೂ ಅದು ಕೆಂಪಾಗಿಯೇ ಕಂಡಿತು. ಕೆಂಪನ್ನು ನನ್ನ ಕಣ್ಣೇ ತೊಳೆಯುತ್ತಿದ್ದರೆ ಇದನ್ನೂ ತೊಳೆಯಬೇಕಿತ್ತು. ಗೆಳೆಯನಿಗೆ ದಿಟ್ಟಿಸಬೇಡವೆಂದು ಗದರಿ ನೋಡಿಸಿದೆ. ಅವನೂ ಅದನ್ನೇ ಹೇಳಿದ. ಫೋನ್ ಎತ್ತಿಕೊಂಡೆ.

"ಹೂಂ. ಕಳಿಸು."

ಕೆಲವು ದಿನ ಕಳೆದವು. ಆಮೇಲೆ ಅವಳ ಫೋನ್ ಬಂತು.

"ದೊಡ್ಡಪ್ಪ, ಎಕ್ಸ್-ಕಿರಣ ಮೊದಲಿಗಿಂತ ಕಡಿಮೆಯಾಗಿದೆ."

"ಹಾಗಾದ್ರೆ ನಾನು ಹೇಳಿದ್ದು ತಪ್ಪಾ?"

"ಅಲ್ಲ! ಅನಿಲ ಒಮ್ಮೆಲೇ ಬಂದು ಕುಬ್ಜದ ಸುತ್ತ ರಾಶಿ ಬಿದ್ದಿದೆ ಅನ್ಸುತ್ತೆ, ಒಳಗಿನ ಕಿರಣ ಹೊರಗೆ ಬರ್ತಿಲ್ಲ. ಆರಂಭವೇ ಸಿಕ್ಕಿತು. ಮುಸುಕು ಸರಿಯೋದನ್ನೂ ನೋಡೋಕೆ ಮತ್ತೆ ಸಮಯ ಕೊಟ್ಟಿದ್ದಾರೆ. ನೀವೂ ನೋಡ್ತಾ ಇರಿ."

ಅದಕ್ಕೇ ಎಡಗಣ್ಣಿನ ಆಪರೇಷನ್ ಮುಂದಕ್ಕೆ ಹಾಕಿದ್ದೇನೆ. ಡಾಕ್ಟರು ಅವಸರವಿಲ್ಲ ಅಂದಿದ್ದಾರೆ. ಈ ಭುಗಿಲು ಇಳಿಯುವವರೆಗೆ ಒಂದು ಕಣ್ಣಿನ ಮೇಲೆ ಇನ್ನೊಂದು ಕಣ್ಣಿಟ್ಟಿರಬೇಕು.